ಕೊಳವೂ ಕೊಳವೆಯೂ

ಯಾರ ಕಣ್ಣಿಗೂ ಬೀಳದ ಕೆಲಸವನ್ನು ಮನುಷ್ಯ ಚೆನ್ನಾಗಿ ಏಕೆ ಮಾಡಬೇಕು? ಈ ಹಳೆಯ ಪ್ರಶ್ನೆಗೆ ತಿಳಿದವರು ಪಾಪಪುಣ್ಯ, ಲೋಕಹಿತ, ಆತ್ಮಸಾಕ್ಷಿ ಎಂದು ನಾನಾ ಬಗೆಯ ಉತ್ತರ ಕೊಟ್ಟಿದ್ದಾರೆ. ನನಗಾದರೋ ಅದು ಬಹಳ ಸ್ಪಷ್ಟವಾಗಿ ಕಾಣುವುದು ಹಿತ್ತಿಲಲ್ಲಿ ಈಜುಕೊಳ ಕಟ್ಟಿಸುವವರ ನಕ್ಷೆಯಲ್ಲಿ. ಓದುಗರು ನಗಬಹುದು, ಬೆಂಗಳೂರಿನಲ್ಲಿ ಕುಡಿಯುವ ನೀರಿಗೇ ತತ್ವಾರವಿರುವಾಗ ಈಜುಕೊಳದ ಮಾತೇಕೆ ಎಂದು ಸಿಡುಕಲೂಬಹುದು. ಆ ಆಕ್ಷೇಪಣೆ ನ್ಯಾಯವಾದದ್ದೇ. ಅದಕ್ಕೆ ಆಮೇಲೆ ಬರೋಣ. ಮೊದಲು ಕೊಳವೆಯ ವಿಚಾರ.

ನೀರು ತುಂಬಿದ ಗುಂಡಿಯೆಲ್ಲ ಈಜುಕೊಳವಾಗುವುದಿಲ್ಲ. ನಿಂತ ನೀರು ಪಾಚಿಗಟ್ಟುತ್ತದೆ. ಆದ್ದರಿಂದ ಅದು ಸುತ್ತುತ್ತಿರಬೇಕು. ಕೊಳದ ಅಂಚಿನಲ್ಲಿ, ನೀರಿನ ಮಟ್ಟಕ್ಕೆ ಸರಿಯಾಗಿ ಇಟ್ಟ ಒಂದು ಬಾಯಿ ತರಗೆಲೆ, ಧೂಳುಗಳನ್ನು ಸೆಳೆದುಕೊಳ್ಳುತ್ತದೆ. ತಳದಲ್ಲಿರುವ ಬಾಯಿ ಅಡಿಯ ನೀರನ್ನು ಎಳೆಯುತ್ತದೆ. ಪಂಪು ಎರಡನ್ನೂ ಮರಳಿನ ಶೋಧಕದ ಮೂಲಕ ಹಾಯಿಸಿ, ಎದುರು ಗೋಡೆಯ ತೂತುಗಳಿಂದ ಮತ್ತೆ ಕೊಳಕ್ಕೆ ಬಿಡುತ್ತದೆ. ಗಾಳಿ ಎತ್ತ ಬೀಸುತ್ತದೆ, ಕಸ ಯಾವ ಮೂಲೆಗೆ ಸೇರುತ್ತದೆ, ಪಂಪು ಎಷ್ಟು ಹತ್ತಿರವಿರಬೇಕು, ಕೊಳವೆ ಎಷ್ಟು ಕಡೆ ತಿರುಗಬೇಕು—ಇವೆಲ್ಲ ಗುಂಡಿ ತೋಡುವ ಮೊದಲೇ ತೀರ್ಮಾನವಾಗಬೇಕು. ಏಕೆಂದರೆ ಕಾಂಕ್ರೀಟು ಬಿದ್ದ ಮೇಲೆ ತಪ್ಪನ್ನು ತಿದ್ದುವ ಉಪಾಯ ಒಂದೇ: ಒಡೆಯುವುದು.

ಆದರೆ ಲೋಕದ ರೂಢಿ ಬೇರೆ. ಮನೆಯ ಯಜಮಾನರು ಹೆಂಚುಬಿಲ್ಲೆಯ ಬಣ್ಣ ಆರಿಸಲು ಒಂದು ತಿಂಗಳು ಅಲೆಯುತ್ತಾರೆ. ಕೊಳವೆಯ ಮಾತು ಬಂದಾಗ, ‘ಅದನ್ನೆಲ್ಲ ನೀವೇ ನೋಡಿಕೊಳ್ಳಿ ಮೇಸ್ತ್ರಿ’ ಎಂದುಬಿಡುತ್ತಾರೆ. ಬಿಲ್ಲೆಯನ್ನು ನೆಂಟರು ನೋಡುತ್ತಾರೆ, ಕೊಳವೆಯನ್ನು ಯಾರೂ ನೋಡುವುದಿಲ್ಲ. ಒಳ್ಳೆಯ ಪ್ಲಂಬರ್ ಮಣ್ಣು ಮುಚ್ಚುವ ಮೊದಲು ಕೊಳವೆಗಳಿಗೆ ಒತ್ತಡ ಕೊಟ್ಟು, ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ಕಾದು ನೋಡುತ್ತಾನೆ. ಆ ಕಾಯುವಿಕೆಗೆ ಚಪ್ಪಾಳೆಯಿಲ್ಲ. ಅವನು ಕಾಯದೆ ಮುಚ್ಚಿಬಿಟ್ಟರೂ ಅಂದಿಗೆ ಯಾರಿಗೂ ತಿಳಿಯುವುದಿಲ್ಲ.

ಇಂಥ ಕಡೆ ಉದಾಸೀನದ ಬೆಲೆ ಕೆಲವೊಮ್ಮೆ ಹಣದಲ್ಲಿ ತೀರುವುದಿಲ್ಲ. 2002ರಲ್ಲಿ ಅಮೆರಿಕದಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಬಾಲಕಿ, ಬಿಸಿನೀರಿನ ತೊಟ್ಟಿಯ ತಳದ ಬಾಯಿಯ ಸೆಳೆತಕ್ಕೆ ಸಿಕ್ಕಿ ನೀರಿನಲ್ಲೇ ಪ್ರಾಣಬಿಟ್ಟಳು. ಆಕೆಯ ತಾಯಿ ಪಟ್ಟುಹಿಡಿದು ಹೋರಾಡಿದುದರಿಂದ 2007ರಲ್ಲಿ ಅಲ್ಲಿ ಆ ಮಗುವಿನ ಹೆಸರಿನಲ್ಲೇ ಕಾನೂನಾಯಿತು. ಸಾರ್ವಜನಿಕ ಕೊಳಗಳ ತಳದ ಬಾಯಿಗೆ ಸುರಕ್ಷಿತ ಮುಚ್ಚಳ ಕಡ್ಡಾಯವಾಯಿತು. ಅಂಥ ಮುಚ್ಚಳದ ಜೊತೆಗೆ, ತಳದಲ್ಲಿ ಒಂದರ ಬದಲು ಎರಡು ಬಾಯಿಗಳನ್ನು ಮೂರಡಿಯಾದರೂ ಅಂತರದಲ್ಲಿಟ್ಟು ಒಂದೇ ಕೊಳವೆಗೆ ಜೋಡಿಸುವುದು ಒಳ್ಳೆಯ ಕ್ರಮ. ಒಂದು ಮುಚ್ಚಿಕೊಂಡರೆ ಪಂಪು ಇನ್ನೊಂದರಿಂದ ಎಳೆಯುತ್ತದೆ. ಸಿಕ್ಕಿದ ದೇಹ ಬಿಡುಗಡೆಯಾಗುತ್ತದೆ. ಹೆಚ್ಚು ಬೀಳುವ ಖರ್ಚು ಕೆಲವು ಅಡಿ ಕೊಳವೆಯದು. ಅದನ್ನು ಉಳಿಸಿದವನು ಯಾರ ಜೀವವನ್ನು ಪಣವಾಗಿಟ್ಟ? ಮುಂದೆಂದೋ ಬೇಸಗೆಯ ರಜೆಯಲ್ಲಿ ಬರಲಿರುವ, ಇನ್ನೂ ಹುಟ್ಟಿರದ ಮಗುವೊಂದರದು. ಕಾಣದ ಕೆಲಸವೆಂದರೆ ಕಾಣದ ಜನರಿಗೆ ನಾವು ಸಲ್ಲಿಸಬೇಕಾದ ಋಣ ಎಂದು ನನಗೆ ತೋರುವುದು ಇದರಿಂದ.

ಕಾಣದ ಜನ ಭವಿಷ್ಯದಲ್ಲಿ ಮಾತ್ರ ಇರುವವರಲ್ಲ. ಕಾಂಪೌಂಡಿನ ಆಚೆಯೂ ಇದ್ದಾರೆ. ಶೋಧಕದ ಮರಳನ್ನು ಆಗಾಗ ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆಯಬೇಕು. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳವೆಂದರೆ ಸುಮಾರು 45,000 ಲೀಟರ್ ನೀರು. ಅದು ಆರು ಗಂಟೆಗೊಮ್ಮೆ ಸುತ್ತಿ ಬರಬೇಕಾದರೆ ಪಂಪು ನಿಮಿಷಕ್ಕೆ 125 ಲೀಟರ್ ಎಳೆಯಬೇಕು. ಆ ವೇಗದಲ್ಲಿ ಮೂರು ನಿಮಿಷ ತೊಳೆದರೆ 375 ಲೀಟರ್ ಕೊಳೆನೀರು ಹೊರಬಿತ್ತು. ಅದು ಎಲ್ಲಿಗೆ ಹೋಗಬೇಕು? ಅನೇಕ ನಕ್ಷೆಗಳಲ್ಲಿ ಆ ಕೊಳವೆಯ ಗೆರೆ ಗೋಡೆಯನ್ನು ಮುಟ್ಟಿ ನಿಂತುಬಿಡುತ್ತದೆ. ಆದರೆ ನೀರು ಗೆರೆಯೊಡನೆ ನಿಲ್ಲುವುದಿಲ್ಲ. ನೆರೆಯವರ ಬಾಗಿಲಿಗೆ, ಚರಂಡಿಗೆ, ರಾಜಕಾಲುವೆಗೆ, ಕೆರೆಗೆ ನಡೆಯುತ್ತದೆ. ನಮ್ಮ ನಾಡಿನಲ್ಲಿ ಕೆರೆ ಕಟ್ಟಿದವರು ಹೀಗೆ ಮಾಡಲಿಲ್ಲ. ಏರಿಯೊಡನೆ ತೂಬನ್ನೂ ಕೋಡಿಯನ್ನೂ ಯೋಚಿಸಿದರು. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಒದಗುವಂತೆ ಸಾಲುಗಟ್ಟಿದರು. ತನ್ನ ಹೆಚ್ಚುವರಿ ಯಾರನ್ನು ಸೇರುತ್ತದೆ ಎಂಬುದು ಅವರಿಗೆ ಕಟ್ಟಡದ ಪ್ರಶ್ನೆಯೂ ಹೌದು, ಧರ್ಮದ ಪ್ರಶ್ನೆಯೂ ಹೌದು. ಹಿತ್ತಿಲ ಕೊಳಕ್ಕೂ ಒಂದು ಕೋಡಿ ಬೇಕು: ಕೊಳೆನೀರು ತಿಳಿಯಾಗುವ ತೊಟ್ಟಿ, ಕ್ಲೋರಿನ್ ಇಳಿದ ಮೇಲೆ ಅದನ್ನು ಕುಡಿಯುವ ಗಿಡಗಳು.

ಈಗ ಕೊಳವೆಯ ಇನ್ನೊಂದು ತುದಿ, ನೀರು ಬರುವ ತುದಿ. ಬೆಂಗಳೂರಿಗೆ ಕಾವೇರಿ ತಾನಾಗಿ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹಂತಹಂತವಾಗಿ ಸುಮಾರು 500 ಮೀಟರ್ ಎತ್ತರಕ್ಕೆ ಅವಳನ್ನು ಯಂತ್ರಗಳು ಏರಿಸಿ ತರುತ್ತವೆ. 2024ರ ಮಾರ್ಚಿಯಲ್ಲಿ ಅಭಾವ ಬಿಗಿಯಾದಾಗ ಈಜುಕೊಳಗಳಿಗೆ ಕುಡಿಯುವ ನೀರು ತುಂಬುವುದನ್ನು ಜಲಮಂಡಳಿ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರ್ಕಾರದ ಮಾನದಂಡ. ಆ ಲೆಕ್ಕದಲ್ಲಿ ನಮ್ಮ ಕೊಳ ಐದು ಜನರ ಸಂಸಾರವೊಂದರ ಎರಡು ತಿಂಗಳಿಗೂ ಮೀರಿದ ನೀರು. ಬೇಸಗೆಯ ಬಿಸಿಲಿಗೆ ದಿನಕ್ಕೆ ಐದೇ ಮಿಲಿಮೀಟರ್ ಆರಿದರೂ 160 ಲೀಟರ್ ಹೋಯಿತು—ಒಬ್ಬ ಮನುಷ್ಯನ ಪಾಲಿಗಿಂತ ಹೆಚ್ಚು. ಹಣ ಕೊಟ್ಟಿದ್ದೇನಲ್ಲ ಎಂಬ ಮಾತು ಇಲ್ಲಿ ನಡೆಯದು. ಹಣ ಕೊಟ್ಟವನಿಗೆ ನೀರು ಸಿಕ್ಕಬಹುದು, ಆದರೆ ಹಣದಿಂದ ನೀರು ಹುಟ್ಟುವುದಿಲ್ಲ.

ಹಾಗಾದರೆ ಕೊಳವೇ ಬೇಡವೆ? ಸುಖವೆಲ್ಲ ಪಾಪವೆನ್ನುವ ಪಂಥ ನನ್ನದಲ್ಲ. ಈಜು ದೇಹಕ್ಕೆ ಹಿತ, ಮಕ್ಕಳಿಗೆ ಹಬ್ಬ. ನೂರು ಚದರ ಮೀಟರ್ ತಾರಸಿಯ ಮೇಲೆ 900 ಮಿಲಿಮೀಟರ್ ಮಳೆ ಬಿದ್ದರೆ 90,000 ಲೀಟರ್. ಅರ್ಧವನ್ನು ಹಿಡಿದಿಟ್ಟರೂ ಕೊಳ ಒಮ್ಮೆ ತುಂಬುತ್ತದೆ. ಹೊದಿಕೆ ಹಾಸಿದರೆ ಆರುವ ನೀರೂ ಬಹುಪಾಲು ಉಳಿಯುತ್ತದೆ. ಇಷ್ಟನ್ನೂ ಮಾಡಬಲ್ಲವನು ಕಟ್ಟಲಿ, ಸಂತೋಷವಾಗಿ ಈಜಲಿ. ಮಾಡಲಾರದವನು ನಕ್ಷೆಯನ್ನು ಮಡಿಸಿಟ್ಟು ಊರಿನ ಸಾರ್ವಜನಿಕ ಕೊಳಕ್ಕೆ ಹೋಗಲಿ. ಅಲ್ಲಿ ಒಂದೇ ನೀರು ನೂರು ಜನರಿಗೆ ಒದಗುತ್ತದೆ.

ಕೊಳವೆಗೆ ಎರಡು ತುದಿ. ನೀರು ಯಾರಿಂದ ಬಂತು, ಯಾರ ಕಡೆಗೆ ಹೋಯಿತು ಎಂಬ ಎರಡಕ್ಕೂ ನಕ್ಷೆಯಲ್ಲಿ ಉತ್ತರ ಬರೆಯಬಲ್ಲವನಿಗೆ ಮಾತ್ರ ನಡುವಿನ ಕೊಳದ ಮೇಲೆ ಹಕ್ಕು. ನೀರಿನ ವಿಷಯಕ್ಕಷ್ಟೇ ಅಲ್ಲ, ನಾವು ನಮ್ಮದೆಂದು ಕರೆದುಕೊಳ್ಳುವ ಪ್ರತಿಯೊಂದು ಸುಖಕ್ಕೂ ಈ ನಿಯಮ ಸಲ್ಲುತ್ತದೆ.