ಬೆನ್ನು ಮೊದಲು

ಸಂಗೀತ ಇನ್ನೂ ಶುರುವಾಗಿಲ್ಲ. ಕಪ್ಪು ಉಡುಪಿನ ಹೆಣ್ಣುಮಕ್ಕಳು ರಂಗದ ಮೇಲೆ ಹಿಂದುಹಿಂದಕ್ಕೆ ನಡೆಯುತ್ತ ಬರುತ್ತಾರೆ. ಮುಖಕ್ಕಿಂತ ಮೊದಲು ಬೆನ್ನು ಬರುತ್ತದೆ. ತಡೆದು ತಡೆದು ಇಡುವ ಹೆಜ್ಜೆ. ಎಲ್ಲರೂ ಇದ್ದಾರೆ, ಯಾರಿಗೂ ಯಾರೂ ಇಲ್ಲ. ಅಮೆರಿಕದ ನೃತ್ಯ ಸಂಯೋಜಕಿ ಮಾರ್ಥಾ ಗ್ರಹಾಂ 1936ರಲ್ಲಿ ಸಂಯೋಜಿಸಿದ ‘ಸ್ಟೆಪ್ಸ್ ಇನ್ ದ ಸ್ಟ್ರೀಟ್’ ತೆರೆದುಕೊಳ್ಳುವುದು ಹೀಗೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳ ನೃತ್ಯ ವಿಭಾಗಗಳು ತಮ್ಮ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಿ ಮತ್ತೆ ಮತ್ತೆ ರಂಗಕ್ಕೆ ತಂದಿವೆ. ಇಪ್ಪತ್ತರ ಹುಡುಗಿಯರಿಗೆ ಅಷ್ಟು ಹಳೆಯ ಕುಣಿತ ಯಾಕೆ ಎನ್ನುವವರಿಗೆ ಈ ನೃತ್ಯ ಉಳಿದು ಬಂದ ಕಥೆಯನ್ನೇ ಹೇಳಬೇಕೆನಿಸುತ್ತದೆ.

ಆ ವರ್ಷ ಬರ್ಲಿನ್ ಒಲಿಂಪಿಕ್ಸ್ ಜೊತೆಗಿನ ನೃತ್ಯೋತ್ಸವಕ್ಕೆ ಗ್ರಹಾಂ ಅವರಿಗೆ ಜರ್ಮನಿಯ ಕರೆ ಬಂದಿತ್ತು. ಕಲಾವಿದರನ್ನು ಹಿಂಸಿಸಿ ಓಡಿಸುತ್ತಿರುವ ನಾಡಿನಲ್ಲಿ, ತನ್ನ ತಂಡದ ಯಹೂದಿ ಹುಡುಗಿಯರಿಗೆ ಜಾಗವಿಲ್ಲದ ಕಡೆ ಕುಣಿಯಲಾರೆ ಎಂದುಬಿಟ್ಟರು. ಅದೇ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಅವರ ‘ಕ್ರಾನಿಕಲ್’ ರಂಗವೇರಿತು. ಮನೆಮಠ ಕಳೆದುಕೊಂಡವರ ಈ ನಡಿಗೆ ಅದರದೇ ಒಂದು ಭಾಗ. ಕೆಲವು ವರ್ಷಗಳಲ್ಲಿ ಪ್ರದರ್ಶನ ನಿಂತಿತು, ಕಲಿತ ಮೈಗಳು ಮುಪ್ಪಾದವು, ಕುಣಿತ ಮರೆತೇ ಹೋಯಿತು. ಚಿತ್ರವಾದರೆ ಗೋಡೆಯ ಮೇಲೆ ಕಾದಿರುತ್ತದೆ. ಕುಣಿತಕ್ಕೆ ಆ ಭಾಗ್ಯವಿಲ್ಲ.

ಸಾಕ್ಷ್ಯಚಿತ್ರಕಾರ ಜೂಲಿಯನ್ ಬ್ರಯಾನ್ ತೆಗೆದಿದ್ದ ಹಳೆಯ ಫಿಲ್ಮ್ ತುಣುಕುಗಳು ಸಿಕ್ಕಿದ್ದರಿಂದ 1989ರಲ್ಲಿ ಇದನ್ನು ಮರಳಿ ಕಟ್ಟಲು ಸಾಧ್ಯವಾಯಿತು. ಗ್ರಹಾಂ ಆಗ 95ರ ಅಂಚಿನಲ್ಲಿದ್ದರು. ಅವರ ಜೊತೆ ಕೂತು ಈ ಕೆಲಸ ಮಾಡಿದವರು ಯುರಿಕೊ ಕಿಕುಚಿ. ಜಪಾನಿ ಮೂಲದ, ಕ್ಯಾಲಿಫೋರ್ನಿಯದಲ್ಲೇ ಹುಟ್ಟಿದ ಹೆಣ್ಣುಮಗಳು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ತುಂಬಿದ ಜಪಾನಿ ಮೂಲದ ಸುಮಾರು 1,20,000 ಜನರಲ್ಲಿ ಅವರೂ ಒಬ್ಬರು. ಅರಿಜೋನಾದ ಹಿಲಾ ರಿವರ್ ಶಿಬಿರದ ಧೂಳಿನಲ್ಲೂ ನೃತ್ಯದ ಪಾಠ ಹೇಳುತ್ತಿದ್ದರು. 1944ರಲ್ಲಿ ಗ್ರಹಾಂ ತಂಡ ಸೇರಿದರು. ನೆಲೆ ತಪ್ಪಿದವರ ನಡಿಗೆಯನ್ನು ಮರಳಿ ಕಟ್ಟುವ ಕೆಲಸ ಅವರ ಪಾಲಿಗೇ ಬಂತಲ್ಲ ಎಂದು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಕಾಲು ಎಲ್ಲಿ ಬಿತ್ತೆಂದು ಫಿಲ್ಮ್ ತೋರಿಸೀತು. ಉಸಿರು ಎಲ್ಲಿತ್ತು ಎನ್ನುವುದನ್ನು ಮೈಯಿಂದ ಮೈಗೇ ದಾಟಿಸಬೇಕು. ಗ್ರಹಾಂ ಪದ್ಧತಿಯ ಬೇರು ಇರುವುದೇ ಉಸಿರಿನಲ್ಲಿ: ಉಸಿರು ಬಿಡುತ್ತ ಹೊಟ್ಟೆಯನ್ನು ಬೆನ್ನಿನತ್ತ ಸೆಳೆದಾಗ ಇಡೀ ಮುಂಡ ಒಳಗೊಳಗೆ ಬಾಗುತ್ತದೆ, ಉಸಿರು ತುಂಬಿದಾಗ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಈ ಕೃತಿಯನ್ನು ಮೈಗೂಡಿಸಿಕೊಂಡ ಹಿರಿಯ ನರ್ತಕಿಯೊಬ್ಬರು ಬಂದು ವಿದ್ಯಾರ್ಥಿಗಳಿಗೆ ತಾಲೀಮು ಕೊಡುತ್ತಾರೆ. ಮೊದಲ ಪಾಠ, ಹಿಂದಕ್ಕೆ ನಡೆಯುವುದು. ಸುಲಭವೆನಿಸುತ್ತದೆ, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕತ್ತು ತಾನಾಗಿ ತಿರುಗಿಬಿಡುತ್ತದೆ. ತಿರುಗಬಾರದು. ಎಣಿಸಿಕೊಳ್ಳಲು ತಾಳವೂ ಇಲ್ಲ. ಪಕ್ಕದವಳ ಪಾದ ನೆಲಕ್ಕೆ ತಾಗುವ ಸದ್ದನ್ನು ಕಿವಿಗೊಟ್ಟು ಹಿಡಿಯಬೇಕು.

ಆಮೇಲೆ ಸಂಗೀತ, ಕುಪ್ಪಳಿಕೆ, ಗುಂಪಿನ ಎದುರು ಒಬ್ಬಂಟಿಯಾಗುವ ಹುಡುಗಿ. ಅಲ್ಲಿಗೆ ಹೋಗಲು ಇನ್ನೂ ದಿನಗಳಿವೆ. ಸದ್ಯಕ್ಕೆ ಅವರು ಮರದ ನೆಲದ ಮೇಲೆ, ಬರಿಗಾಲಲ್ಲಿ, ಮತ್ತೊಮ್ಮೆ ಆ ತುದಿಯಿಂದ ಹಿಂದಕ್ಕೆ ನಡೆಯುತ್ತಿದ್ದಾರೆ.