ಶೀಟಿನಲ್ಲಿ ಇಲ್ಲದ ಕಾಲಂ

 

ಯೌವನಸ್ಥರೇ, 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಪಾರ್ಲಿಮೆಂಟಿನಲ್ಲಿ ಪಾಸಾಯಿತು. "ಪಾಸ್ಟರ್, ನಾವು ಆಡೋದು ಪ್ಲೇ ಮನಿ ಪೋಕರ್. ಚಿಪ್ಸ್ ಫ್ರೀ, ಗೆದ್ದರೂ ಒಂದು ರೂಪಾಯಿ ಕೈಗೆ ಬರಲ್ಲ. ಇದರಲ್ಲಿ ಪಾಪ ಎಲ್ಲಿದೆ?" ಅಂತ ನೀವು ಕೇಳಬಹುದು. ಕೆಲವರಂತೂ ಎಕ್ಸೆಲ್‌ನಲ್ಲಿ ಪ್ರತಿ ಟೂರ್ನಮೆಂಟಿನ ಲೆಕ್ಕ ಇಡ್ತಾರೆ.

ಮೊದಲು ಒಳ್ಳೆಯದನ್ನು ಹೇಳ್ತೀನಿ. ಲೆಕ್ಕ ಇಡೋದು ತಪ್ಪಲ್ಲ. ಜೂಜಾಡುವವನು ಗೆದ್ದದ್ದನ್ನು ಊರಿಗೆಲ್ಲ ಹೇಳ್ತಾನೆ, ಸೋತದ್ದನ್ನು ನುಂಗಿಕೊಳ್ತಾನೆ. ಸೋಲನ್ನೂ ಬರೆದಿಡುವವನಲ್ಲಿ ಸತ್ಯಕ್ಕೆ ಜಾಗ ಇದೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಎಣಿಸಬೇಕೆಂದು ಲೂಕ 14ರಲ್ಲಿ ಯೇಸುಸ್ವಾಮಿಯೇ ಕಲಿಸಿದರು.

ಹಾಗಾದರೆ ಪೂರ್ತಿ ಎಣಿಸೋಣ. 100 ಟೂರ್ನಮೆಂಟ್, ಒಂದಕ್ಕೆ 1,000 ಚಿಪ್ಸ್ ಅಂತ ಇಟ್ಟುಕೊಳ್ಳಿ. ಹಾಕಿದ್ದು 1,00,000, ಬಂದದ್ದು 1,30,000. ಆರ್‌ಒಐ 30%. ಗಣಿತ ಸರಿ. ಆದರೆ ಆ 30% ಒಂದೆರಡು ದೊಡ್ಡ ಗೆಲುವಿನಿಂದಲೇ ಬಂದಿರಬಹುದು. 100 ಆಟದಲ್ಲಿ ಅದೃಷ್ಟ ಯಾವುದು, ಸಾಮರ್ಥ್ಯ ಯಾವುದು ಗೊತ್ತಾಗಲ್ಲ. ಮೇಲಾಗಿ ಎದುರು ಕೂತವನಿಗೆ ಸೋಲಿನ ಭಯವೇ ಇಲ್ಲ. ಚಿಪ್ಸ್ ಮುಗಿದರೆ ಮತ್ತೆ ಫ್ರೀ ಸಿಗುತ್ತೆ, ಅದಕ್ಕೇ ಮೊದಲ ಹ್ಯಾಂಡಲ್ಲೇ ಆಲ್-ಇನ್ ಹೋಗ್ತಾನೆ. ಅವನನ್ನು ಸೋಲಿಸಿ, "ನಿಜವಾದ ದುಡ್ಡಲ್ಲಿ ಆಡಿದ್ದರೆ ಎಷ್ಟು ಬರ್ತಿತ್ತು!" ಅಂತ ಯೋಚಿಸ್ತೀರಲ್ಲ, ಶೋಧನೆ ಶುರುವಾಗೋದು ಅಲ್ಲಿಂದಲೇ. ಜೇಬಿನಿಂದ ರೂಪಾಯಿ ಹೋಗಿಲ್ಲ, ಆದರೆ ಹೃದಯ ಆಗಲೇ ಆ ಟೇಬಲ್ಲಿಗೆ ಹೋಗಿ ಕೂತಿದೆ.

ಇನ್ನೊಂದು ವಿಷಯ. ಟೂರ್ನಮೆಂಟಿಗೆ ಎರಡು ಗಂಟೆ ಅಂದರೂ 200 ಗಂಟೆ ಆಯಿತು. ಹಗಲು ರಾತ್ರಿ ಸೇರಿ 8 ದಿನಕ್ಕಿಂತ ಹೆಚ್ಚು. ಫ್ರೀ ಸಿಕ್ಕ ಚಿಪ್ಸಿಗೆ ಕಾಲಂ ಇದೆ, ಮತ್ತೆ ಸಿಗದ ಗಂಟೆಗಳಿಗೆ ಕಾಲಂ ಇಲ್ಲ! ಮತ್ತಾಯ 25ರ ಧಣಿ ತಲಾಂತುಗಳ ಲೆಕ್ಕ ಕೇಳಿದ್ದು ಯಾಕೆ? ಅವು ಆಳುಗಳದ್ದಲ್ಲ, ಅವನದ್ದು. ನಮ್ಮ ದಿನಗಳೂ ಹಾಗೆಯೇ.

ಆಟ, ವಿಶ್ರಾಂತಿ ಪಾಪ ಅಂತ ನಾನು ಹೇಳ್ತಿಲ್ಲ. ಗೆಳೆಯರ ಜೊತೆ ನಕ್ಕು ಆಡಿ ಎದ್ದು ಬರೋದು ಬೇರೆ. ಅದನ್ನು ಹೂಡಿಕೆ ಅಂತ ಕರೆದರೆ ಮಾತ್ರ, ಹೂಡಿದ್ದನ್ನೆಲ್ಲ ಬರೆಯಬೇಕು. ಈ ವಾರ ಗಂಟೆಗಳ ಒಂದು ಕಾಲಂ ಸೇರಿಸಿ. ಆಮೇಲೆ ಆ ಶೀಟನ್ನು ದೇವರ ಸನ್ನಿಧಿಯಲ್ಲಿ ತೆರೆದಿಟ್ಟು ಪ್ರಾರ್ಥಿಸಿ. ಅದನ್ನು ತೋರಿಸೋಕೆ ಮನಸ್ಸು ಹಿಂಜರಿದರೆ, ಉತ್ತರ ನಿಮಗೇ ಸಿಕ್ಕಿದೆ.

ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.