ಹೊಕ್ಕಳ ಸುತ್ತ ಹದಿನಾಲ್ಕು

ಹಳಿಯಾಳದ ಕಡೆ ಯಾರಿಗಾದರೂ ನಾಯಿ ಕಚ್ಚಿತು ಎಂದರೆ ಹಿರಿಯರ ಕೈ ಇವತ್ತಿಗೂ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ! ಜೋಯಿಡಾ ದಾರಿಯ ಹಳ್ಳಿಯಲ್ಲಿರುವ ನನ್ನ ದೂರದ ಕಾಕಾ ತೊಂಬತ್ತರ ದಶಕದಲ್ಲಿ ಅವನ್ನು ಹಾಕಿಸಿಕೊಂಡವರು. ಸೂಜಿಗಳು ಮುಗಿಯುವ ಹೊತ್ತಿಗೆ ಜ್ವರ ಬಂತು, ಮೂತ್ರ ಕಟ್ಟಿತು, ಎರಡೂ ಕಾಲು ಸೋತವು. ನಾಯಿಯ ವಿಷ ಏರಿತು ಎಂದಿತು ಊರು. ಒಂದು ಕಾಲು ತಿಂಗಳುಗಳ ಮೇಲೆ ತಿರುಗಿ ಬಂತು. ಇನ್ನೊಂದನ್ನು ಅವರು ಈಗಲೂ ಎಳೆದು ನಡೆಯುತ್ತಾರೆ.

ವಿಷ ನಾಯಿಯದಲ್ಲ. ಅದು ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ ವಿಧಾನದ ಲಸಿಕೆ. ನಮ್ಮಲ್ಲಿ ರೇಬಿಸ್ ವೈರಾಣುವನ್ನು ಕುರಿಯ ಮಿದುಳಿನಲ್ಲಿ ಬೆಳೆಸಿ, ಆ ಮಿದುಳನ್ನೇ ಅರೆದು, ಫಿನಾಲ್ ಬೆರೆಸಿ ವೈರಾಣುವನ್ನು ಕೊಂದು ಚುಚ್ಚುತ್ತಿದ್ದರು. ದೇಹದ ರೋಗನಿರೋಧಕ ವ್ಯವಸ್ಥೆಗೆ ವೈರಾಣುವಿನ ಜೊತೆಗೆ ಕುರಿಯ ಮಿದುಳಿನ ಪರಿಚಯವೂ ಆಗುತ್ತಿತ್ತು. ನರತಂತುವಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಕುರಿಯ ಹೊದಿಕೆಗೂ ನಮ್ಮದಕ್ಕೂ ಹೋಲಿಕೆ ಬಹಳ. ಅಪರೂಪಕ್ಕೆ ಕೆಲವರಲ್ಲಿ, ಪರಕೀಯವೆಂದು ಕುರಿಯದನ್ನು ಗುರುತಿಟ್ಟುಕೊಂಡ ಕಾವಲು ಪಡೆ ಸ್ವಂತ ಮಿದುಳು, ಬೆನ್ನುಹುರಿಯ ಮೇಲೆಯೇ ಏರಿ ಹೋಗುತ್ತಿತ್ತು.

ಇದು ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಇಂಥ ಅವಘಡಗಳ ಕಾರಣ ಹುಡುಕಲೆಂದೇ ಥಾಮಸ್ ರಿವರ್ಸ್ ನ್ಯೂಯಾರ್ಕಿನಲ್ಲಿ ಮಂಗಗಳಿಗೆ ಮತ್ತೆ ಮತ್ತೆ ಮಿದುಳಿನ ಸಾರ ಚುಚ್ಚಿ ನೋಡಿದ್ದು 1933ರ ಸುಮಾರಿಗೆ. ವೈರಾಣುವೇ ಇಲ್ಲದೆ ಮಂಗಗಳಿಗೆ ಪಾರ್ಶ್ವವಾಯು ಬಡಿಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಅರಿಯಲು ಇಂದಿಗೂ ಬಳಸುವ ಪ್ರಾಣಿ ಮಾದರಿ ಹುಟ್ಟಿದ್ದು ಅಲ್ಲಿಂದ. ಕಾಕಾರ ಕಾಲು ಬೀಳುವ ಅರವತ್ತು ವರ್ಷ ಮೊದಲು!

ಹಾಗಾದರೆ ಚುಚ್ಚಿದವರು ತಪ್ಪಿತಸ್ಥರೇ? ಲಕ್ಷಣ ಕಾಣಿಸಿದ ಮೇಲೆ ರೇಬಿಸ್‌ನಿಂದ ಬದುಕಿ ಬಂದವರು ಇಲ್ಲವೆನ್ನುವಷ್ಟು ಕಡಿಮೆ. ಬೇರೆ ಲಸಿಕೆಯೇ ಇಲ್ಲದ ದಶಕಗಳಲ್ಲಿ ಕೆಲವರ ಕಾಲಿನ ಬೆಲೆಗೆ ಬಹಳ ಜನರ ಪ್ರಾಣ ಉಳಿಯಿತು, ಆ ಲೆಕ್ಕವನ್ನು ನಾನು ಒಪ್ಪುತ್ತೇನೆ. ಆದರೆ ಎಂಬತ್ತರ ದಶಕದಲ್ಲಿ ಜೀವಕೋಶಗಳಲ್ಲಿ ಬೆಳೆಸಿದ, ಮಿದುಳಿನ ಅಂಶವಿಲ್ಲದ ಲಸಿಕೆ ನಮ್ಮ ದೇಶದ ಔಷಧ ಅಂಗಡಿಗೆ ಬಂತು. ದುಡ್ಡಿದ್ದವರು ಕೊಂಡರು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತಿದ್ದದ್ದು ಹೆಚ್ಚಾಗಿ ಕುರಿಯದೇ. ಅದು ಪೂರ್ತಿ ನಿಂತದ್ದು 2004ರ ಕೊನೆಗೆ. ಅಲ್ಲಿಯವರೆಗೆ ಅಪಾಯ ಹಂಚಿದ್ದು ಜೇಬು ನೋಡಿ.

ಇದನ್ನು ಜನರಿಗೆ ಬಿಡಿಸಿ ಹೇಳಿದ್ದರೆ ಹೆದರಿ ಸೂಜಿಯನ್ನೇ ಬಿಟ್ಟು ಸಾಯುತ್ತಿದ್ದರು ಎಂದು ನನ್ನ ಗೆಳೆಯನೊಬ್ಬ, ವೈದ್ಯ, ವಾದಿಸುತ್ತಾನೆ. ಸುಳ್ಳಲ್ಲ. ಹಾಗೆ ಸತ್ತವನ ಹೆಣದ ಎದುರು ನನ್ನ ನ್ಯಾಯ ನಿಲ್ಲುತ್ತದೆಯೇ ಎಂದು ನನಗೂ ಗೊತ್ತಾಗುವುದಿಲ್ಲ. ಆದರೂ ಬಡವನಿಗೆ ಹೆದರಿಕೆಯ ಆಚೆ ಬುದ್ಧಿಯೇ ಇಲ್ಲ ಎಂಬ ಎಣಿಕೆ ಆ ವಾದದೊಳಗೆ ಕೂತಿದೆ. ಅದು ನನಗೆ ಒಗ್ಗುವುದಿಲ್ಲ.

ಹೋದ ದಸರೆಗೆ ಇದನ್ನೆಲ್ಲ ಕಾಕಾರಿಗೆ ಹೇಳಿದೆ. ಕಚ್ಚಿದ ನಾಯಿ ಅವತ್ತೇ ಕಾಡಿಗೆ ಓಡಿತ್ತು, ಅದಕ್ಕೆ ಹುಚ್ಚಿತ್ತೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವರು ನಾಯಿಯ ಮಾತೆತ್ತಲಿಲ್ಲ.

“ಆ ರೊಕ್ಕದ ಸೂಜಿ ಭಾಳ ತುಟ್ಟಿ ಇತ್ತೇನೋ ತಮ್ಮಾ?”

ನಿಮಗೆ ಭಾರವೇ ಆಗುತ್ತಿತ್ತು ಎಂದೆ.

“ಮನ್ಯಾಗ ಎಮ್ಮಿ ಇತ್ತಲ್ಲ, ಮಾರತಿದ್ದೆ,” ಎಂದರು. “ಯಾರೂ ಕೇಳಲೇ ಇಲ್ಲ ನನ್ನ.”